ಉಡಿ ತುಂಬಿದ ಫೋಟೋ

ವೀರೇಶಾ, ಅನ್ನಪೂರ್ಣಾ, ನಿನ್ನೆ ಟ್ರಂಕಿನಲ್ಲಿ ಹೊಲಿಸದೇ ಉಳಿದ ಹಸಿರು ಕುಬಸದ ಕಣವೊಂದು ಸಿಕ್ಕಿತು. ಮಡಿಕೆ ಬಿಚ್ಚಿದರೆ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಕೊಟ್ಟವರು ಗಂಗಾವತಿಯ ಮೇಡಂ. ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುತ್ತಿದ್ದವರು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಬೆಳಗಿನ ಹೊತ್ತು ನನಗೆ ಅವರ ಕೆಮ್ಮು ಕೇಳಿಸುತ್ತಿತ್ತು. ಹಿತ್ತಲಲ್ಲಿ, ಬಚ್ಚಲ ಕಡೆ... ಚಹಾ ಸೋಸಿ ಎರಡು ಕಪ್ಪಿಗೆ ಹಾಕಿಬಿಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನಾನು ಊಟ ಬಿಟ್ಟದ್ದನ್ನು ಕಂಡು ನಿಮ್ಮಪ್ಪ ಕಾರಟಗಿಯಿಂದ ಬಸ್ ಹತ್ತಿಸಿ ಅವರ ಹತ್ತಿರ ಕರೆದೊಯ್ದ. ಮೂರನೆಯ ಸಲ ಹೋದಾಗ ಬಾಯಿಬಿಟ್ಟೆ. ಮೇಡಂ ನಗಲಿಲ್ಲ. "ಕೆಮ್ಮಿದ ಮ್ಯಾಲ ಏನರ ಅಂತಾರೇನ್ರಿ ಅಮ್ಮಾ?" ಎಂದು ಕೇಳಿದರು. ಅವತ್ತು ಮನಸಾರೆ ಅತ್ತುಬಿಟ್ಟೆ.

ಆರನೆಯ ಸಲ ಹೋಗುವಷ್ಟರಲ್ಲಿ ಕೆಮ್ಮು ಕೇಳುವುದು ನಿಂತಿತ್ತು. ಆ ಕೊನೆಯ ದಿನ ಅಕ್ಕಿ, ಕೊಬ್ಬರಿ ಬಟ್ಟಲು, ಈ ಕಣ ಇಟ್ಟು ನನ್ನ ಉಡಿ ತುಂಬಿದರು. ಗಂಡ ಸತ್ತವಳಿಗೆ ನಮ್ಮಲ್ಲಿ ಯಾರೂ ಉಡಿ ತುಂಬುವುದಿಲ್ಲ. ಆದರೂ ಸೆರಗು ಒಡ್ಡಿದೆ. ಹಾಗೇ ನಿಲ್ಲಿಸಿ ಫೋಟೋ ತೆಗೆದರು. ಒಂದು ಕಾಗದ ಮುಂದಿಟ್ಟು ಸಹಿ ಕೇಳಿದರು. ಉಡಿ ತುಂಬಿದವರಿಗೆ ಇಲ್ಲ ಎನ್ನುವುದು ಹೇಗೆ? ಊರ ಸಾಲೆಯಲ್ಲಿ ಏಳನೆಯ ತರಗತಿ ಕಲಿತವಳು ನಾನು, ಓದಲು ಬರುತ್ತಿತ್ತು. ಓದದೆ ಸಹಿ ಹಾಕಿದೆ.

ತಿಂಗಳೂ ಆಗಿರಲಿಲ್ಲ, ಪೇಪರಿನ ಮಡಿಕೆಯಲ್ಲಿ ಪಾಂಪ್ಲೆಟ್ ಬಂತು. ಉಡಿ ತುಂಬಿಸಿಕೊಂಡು ನಿಂತ ನಾನು. ಕೆಳಗೆ, "ಸತ್ತ ಗಂಡನ ಕೆಮ್ಮು ಕೇಳುತ್ತಿದ್ದ ಮಹಿಳೆ ಆರೇ ಭೇಟಿಯಲ್ಲಿ ಸಂಪೂರ್ಣ ಗುಣ! ಖಚಿತ ಪರಿಹಾರ!"

ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಾಗ ಓಣಿಯವಳೊಬ್ಬಳು, "ಯಕ್ಕಾ, ಅಣ್ಣಾರ ಕೆಮ್ಮು ನಿಂತತಿಲ್ಲೋ? ನಮ್ಮನಿಯವಂದು ಜೀವಂತ ಇದ್ದರೂ ನಿಂದರವಲ್ದು, ಅವನ್ನೂ ಕರಕೊಂಡು ಹೋಗಲೇನು?" ಎಂದಳು. ಎಲ್ಲರೂ ನಕ್ಕರು. ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಬಂದೆ.

ಪಾಂಪ್ಲೆಟ್ ಹಿಡಿದು ಮೇಡಂ ಹತ್ತಿರ ಹೋದೆ. "ನೀವ ಸಹಿ ಮಾಡೀರಲ್ರಿ ಅಮ್ಮಾ. ನಿಮ್ಮ ಹೆಸರಂತೂ ಹಾಕಿಲ್ಲ," ಎಂದರು. ಮುಖ ಹಾಕಿದ ಮೇಲೆ ಹೆಸರು ಯಾತಕ್ಕೆ?

ಇದಕ್ಕೇನು ಮಾಡುವುದೆಂದು ಕೇಳಲು ನಿಮ್ಮಪ್ಪ ನನ್ನನ್ನು ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಪಾಂಪ್ಲೆಟ್ ಓದಿ ಸಿಟ್ಟಾದರು. "ಚಿಕಿತ್ಸೆಗೆ ಬಂದವರ ಮುಖ, ಮಾತು ಹಿಂಗ ಪ್ರಚಾರಕ್ಕ ಹಾಕಬಾರದ್ರಿ. ಮನಸಿನ ಜಡ್ಡು ಗುಣ ಆಗೇ ಆಗತೈತಿ ಅಂತ ಖಾತ್ರಿನೂ ಕೊಡಬಾರದು. ನಡದದ್ದೆಲ್ಲಾ ಬರಕೊಡ್ರಿ, ದೂರು ಕಳಸೂಣು." ಬರೆದುಕೊಡಬೇಕೆಂದರೆ ಎಲ್ಲವನ್ನೂ ಇನ್ನೊಮ್ಮೆ ಪರರ ಮುಂದೆ ಬಿಚ್ಚಬೇಕಿತ್ತು. ಎದ್ದು ಬಂದುಬಿಟ್ಟೆ.

ಮಳೆಗಾಲದ ಹೊತ್ತಿಗೆ ಕೆಮ್ಮು ಮತ್ತೆ ಶುರುವಾಯಿತು... ಬಾಯಿ ಮುಚ್ಚಿಕೊಂಡೆ. ಊರ ಪಾಲಿಗೆ ನಾನು ಸಂಪೂರ್ಣ ಗುಣವಾದವಳು.

ಮೇಡಂ ಈಗ ಗಂಗಾವತಿಯಲ್ಲಿಲ್ಲ. ಅವರನ್ನು ನಾನು ಕ್ಷಮಿಸಿಲ್ಲ. ಆದರೂ ಯಾರಿಗಾದರೂ ಹೇಳಿಕೊಳ್ಳಬೇಕು ಎನಿಸಿದಾಗಲೆಲ್ಲ ಅವರ ಎದುರಿನ ಕುರ್ಚಿಯೇ ನೆನಪಾಗುತ್ತದೆ. ಅಂಥ ಕುರ್ಚಿ ನನಗೆ ಇನ್ನೊಂದು ಸಿಗಲಿಲ್ಲ.

ಇಷ್ಟು ವರ್ಷದ ಮೇಲೆ ನಿಮಗೆ ಹೇಳಿದ್ದೇನೆ, ಮಕ್ಕಳೇ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನಲ್ಲಿ ಫೋಟೋ ಹೊಡೆದು ಯಾರಿಗೂ ಕಳಿಸಬೇಡಿ. ಅಜ್ಜಿ ಛಲೋ ಬರೆದಾಳೆಂದು ಹೊಗಳುವುದಕ್ಕೂ ಬೇಡ.