ಎರಡು ಗಂಟೆ ನಲವತ್ತು ನಿಮಿಷ

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ನಾನಾಗ ಹೈದರಾಬಾದಿನಲ್ಲಿ ಕಂಪ್ಯೂಟರ್ ನಿರ್ವಹಣೆಯ ಸಣ್ಣ ಸಂಸ್ಥೆಯೊಂದರ ಸರ್ವಿಸ್ ಎಂಜಿನಿಯರ್. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆ ನನ್ನ ಪಾಲಿಗೆ ಬಂದಿತ್ತು. ಅಲ್ಲಿನ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದವನೂ ನಾನೇ.

ಒಂದು ಬೇಸಿಗೆಯ ಬುಧವಾರ ಬೆಳಿಗ್ಗೆ ಅಲ್ಲಿಂದ ಕರೆ ಬಂತು. ಹೋದಾಗ ಕ್ವಾಲಿಟಿ ಮ್ಯಾನೇಜರ್ ದೇಶಪಾಂಡೆ ನನಗೆ ಕೂರಲೂ ಹೇಳಲಿಲ್ಲ. ಅವರು ವಿಜಯಪುರದ ಕಡೆಯವರು. ಕನ್ನಡದವನೆಂಬ ಸಲಿಗೆಯನ್ನು ನನಗೆ ಎಂದೂ ಕೊಟ್ಟವರಲ್ಲ. ಅವರ ಮೇಜಿನ ಮುಂದೆ ಶರಣಮ್ಮ ನಿಂತಿದ್ದರು. ಸೇಡಂ ಕಡೆಯಿಂದ ದುಡಿಯಲು ಬಂದ ಹೆಂಗಸು. ಔಷಧಗಳನ್ನು ತಣ್ಣಗಿಡುವ ಕೋಲ್ಡ್ ರೂಮಿನ ಉಷ್ಣಾಂಶವನ್ನು ಗಂಟೆಗೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಅದೇ ಉಷ್ಣಾಂಶವನ್ನು ಒಂದು ಕಂಪ್ಯೂಟರ್ ಕೂಡ ತಾನಾಗಿ ದಾಖಲಿಸುತ್ತಿತ್ತು.

ಸೋಮವಾರದ ಎರಡು ದಾಖಲೆಗಳು ಹೊಂದುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಶರಣಮ್ಮ ಏಳು ಡಿಗ್ರಿ ಎಂದು ಬರೆದಿದ್ದರೆ ಕಂಪ್ಯೂಟರ್ ನಾಲ್ಕು ಎನ್ನುತ್ತಿತ್ತು.

“ಎಲ್ಲೋ ಕೂತು ಮನಸ್ಸಿಗೆ ಬಂದದ್ದು ಗೀಚ್ಯಾಳ,” ಎಂದರು ದೇಶಪಾಂಡೆ. “ಮಷೀನ್ ಸರಿ ಐತಿ ಅಂತ ಬರದು ಕೊಡ್ರಿ. ಇವತ್ತೇ ಈಕಿನ್ನ ಮನಿಗೆ ಕಳಸ್ತೀನಿ.”

ನೋಡದೆ ಬರೆಯಲಾರೆ ಎಂದೆ. ಕೋಲ್ಡ್ ರೂಮಿನ ಕಡೆ ನಡೆಯುವಾಗ ಸೋಮವಾರ ಏನಾಯಿತೆಂದು ಶರಣಮ್ಮನನ್ನು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

“ಮುಂಜಾನೆ ಏಳಕ್ಕ ಕರೆಂಟ್ ಹೋತು, ಒಂಬತ್ತು ನಲವತ್ತಕ್ಕ ಬಂತು. ಜನರೇಟರೂ ಚಾಲೂ ಆಗಲಿಲ್ಲ. ಹೇಳಿದ್ರ ಯಾರು ಕೇಳ್ತಾರ್ರಿ? ನೀವೂ ಅವರ ಮಂದಿನೇ ಅಲ್ಲೇನ್ರಿ.”

ಆ ಕಂಪ್ಯೂಟರಿಗೆ ಮಾನಿಟರ್ ಇರಲಿಲ್ಲ. ಮೂಲೆಯಲ್ಲಿ ಒಂದು ಪೆಟ್ಟಿಗೆಯಂತೆ ಕೂತಿತ್ತು. ಮಾನಿಟರ್ ಜೋಡಿಸಿ ನೋಡಿದೆ. ಗೋಡೆಯ ಗಡಿಯಾರ ಹನ್ನೊಂದೂ ಹತ್ತು ತೋರಿಸುತ್ತಿದ್ದರೆ ಕಂಪ್ಯೂಟರ್ ಎಂಟೂವರೆ ತೋರಿಸುತ್ತಿತ್ತು. ಸರಿಯಾಗಿ ಎರಡು ಗಂಟೆ ನಲವತ್ತು ನಿಮಿಷ ಹಿಂದೆ.

ಕರೆಂಟ್ ಇಲ್ಲದಾಗಲೂ ಕಂಪ್ಯೂಟರಿನ ಗಡಿಯಾರ ನಡೆಯಲೆಂದು ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟು ದೊಡ್ಡ ಸಿಮಾಸ್ ಬ್ಯಾಟರಿ ಇರುತ್ತದೆ. ಪೆಟ್ಟಿಗೆ ಬಿಚ್ಚಿ ಅಳೆದೆ. ಮೂರು ವೋಲ್ಟ್ ಇರಬೇಕಾದಲ್ಲಿ ಒಂದೂ ಇರಲಿಲ್ಲ. ಹೀಗಾದಾಗ ಅಲ್ಲಿದ್ದ ಲಿನಕ್ಸ್ ತಾನು ಕೊನೆಯ ಬಾರಿ ಉಳಿಸಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ. ಇಂಟರ್‌ನೆಟ್ ಇದ್ದಿದ್ದರೆ ತಾನೇ ಸರಿಪಡಿಸಿಕೊಳ್ಳುತ್ತಿತ್ತು; ಆ ಕೋಣೆಗೆ ಅದನ್ನು ಕೊಟ್ಟಿರಲಿಲ್ಲ. ಕರೆಂಟ್ ಬಂದ ಮೇಲಿನ ಕಂಪ್ಯೂಟರಿನ ಪ್ರತಿ ಸಾಲಿಗೂ ಎರಡು ಗಂಟೆ ನಲವತ್ತು ನಿಮಿಷ ಕೂಡಿಸುತ್ತ ಹೋದೆ. ಅದರ ಹನ್ನೊಂದು ಗಂಟೆ ಎಂದರೆ ನಿಜಕ್ಕೆ ಮಧ್ಯಾಹ್ನ ಒಂದೂ ನಲವತ್ತು; ಅಷ್ಟೊತ್ತಿಗೆ ಕೋಣೆ ಮತ್ತೆ ತಣ್ಣಗಾಗಿತ್ತು. ಶರಣಮ್ಮ ಬರೆದ ಒಂದೊಂದು ಅಂಕಿಯೂ ಹೊಂದಿತು.

ದೇಶಪಾಂಡೆ ಎಲ್ಲವನ್ನೂ ಕೇಳಿಸಿಕೊಂಡು, ಕಪಾಟಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಎಸೆದರು. ಮೂರು ವಾರದ ಹಿಂದಿನ ತಪಾಸಣಾ ಪಟ್ಟಿ. ‘ಬ್ಯಾಟರಿ ಸರಿಯಿದೆ’ ಎಂಬುದರ ಎದುರು ರೈಟ್ ಗುರುತು, ಕೆಳಗೆ ನನ್ನ ಸಹಿ. ಆ ದಿನ ಇನ್ನೂ ಎರಡು ಕಡೆ ಹೋಗಬೇಕೆಂಬ ಅವಸರದಲ್ಲಿ ನಾನು ಪೆಟ್ಟಿಗೆಯನ್ನು ಬಿಚ್ಚಿಯೇ ಇರಲಿಲ್ಲ.

“ತಪ್ಪು ಆಕಿದು ಅಂತ ಬರೀರಿ, ಈ ಹಾಳಿ ಕಪಾಟಿನಾಗ ಇರತೈತಿ,” ಎಂದರು. “ಇಲ್ಲಾಂದ್ರ ನಿಮ್ಮ ಸಾಹೇಬ್ರ ಟೇಬಲ್ ಮ್ಯಾಲೆ ಇರತೈತಿ.”

ನಾನು ತಕ್ಷಣ ಪೆನ್ನು ಎತ್ತಲಿಲ್ಲ. ಶರಣಮ್ಮ ಬಾಗಿಲಲ್ಲಿ ನಿಂತಿರದಿದ್ದರೆ ಆ ಹೊತ್ತು ನಾನು ಏನು ಬರೆಯುತ್ತಿದ್ದೆನೋ ಇಂದಿಗೂ ಖಾತ್ರಿಯಿಲ್ಲ. ಕೊನೆಗೆ, ಬ್ಯಾಟರಿ ಸತ್ತಿತ್ತು, ತಪಾಸಣೆ ಮಾಡದೆ ಸಹಿ ಹಾಕಿದವನು ನಾನು ಎಂದು ಬರೆದು, ಒಂದು ಪ್ರತಿಯನ್ನು ಕಾರ್ಖಾನೆಯ ಮುಖ್ಯಸ್ಥರ ಕಚೇರಿಗೂ ಕೊಟ್ಟೆ.

ಶರಣಮ್ಮನ ಕೆಲಸ ಉಳಿಯಿತು. ನನಗೆ ಸಂಸ್ಥೆಯಿಂದ ನೋಟಿಸು ಬಂತು, ಆ ಕಾರ್ಖಾನೆಯ ಬಾಗಿಲು ನನಗೆ ಮುಚ್ಚಿತು. ಆ ಬುಧವಾರ ನಾನು ಹೊರಡುವಾಗ ಗೇಟಿನ ಬಳಿ ಶರಣಮ್ಮ ಎದುರಾದರು. ಒಂದು ಒಳ್ಳೆಯ ಮಾತನ್ನು ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳಬೇಕು.

“ಎರಡು ದಿವಸ ಎಲ್ಲಾರ ಮುಂದ ಸುಳ್ಳು ಬರಿಯಾಕಿ ಅನ್ನಿಸಿಕೊಂಡೀನ್ರಿ,” ಎಂದರು. “ನೀವು ಅವತ್ತೇ ಡಬ್ಬಿ ಬಿಚ್ಚಿ ನೋಡಿದ್ರ ಇದ್ಯಾವುದೂ ಆಗತಿರಲಿಲ್ಲ.”

ಅಷ್ಟು ಹೇಳಿ ಒಳಗೆ ಹೋದರು. ನಾನು ಮಾಡದೆ ಬಿಟ್ಟ ಕೆಲಸದ ಹೊಣೆ ಮೊದಲು ಬೀಳುವುದು, ಎದುರು ಮಾತಾಡಲಾಗದವರ ತಲೆಯ ಮೇಲೆ. ಇದನ್ನು ನನಗೆ ಕಲಿಸಿದವರು ಶರಣಮ್ಮ.