ಅಂಬಾಸಿಡರ್‌ಗೆ ಸಲೈನ್ ಪೈಪು

ನನ್ನ ಹಳೆಯ ಅಂಬಾಸಿಡರ್‌ನ ನೋಂದಣಿ ಮುಂದುವರಿಯಬೇಕಾದರೆ, ತಪಾಸಣೆಯಲ್ಲಿ ಮುಂದಿನ ಗಾಜಿಗೆ ನೀರು ಚಿಮ್ಮಬೇಕಿತ್ತು. ಮೆಹದಿಪಟ್ಟಣಂನ ಮೆಕ್ಯಾನಿಕ್ ಬಸಣ್ಣ, ಕಲಬುರಗಿಯವನು, ಅದಕ್ಕೆ ಸಲೈನ್ ಪೈಪು ತಂದು ಇಂಜಿನ್ ಮೇಲೆಯೇ ಹಾಯಿಸಿದ.

“ಕಾವಿಗೆ ಕರಗತೈತಿ, ಬಸಣ್ಣ.”

“ದವಾಖಾನಿ ಮಾಲ್ರಿ ಸರ, ಇದರ ಮ್ಯಾಲ ಮಂದಿ ಬದುಕತಾರ.”

ಮಂದಿಯ ಒಳಗೆ ಇಂಜಿನ್ ಇರುವುದಿಲ್ಲ. ಪೈಪು ಬಿಚ್ಚಿ, ಬಾನೆಟ್ಟಿನ ಕೀಲಿಗೆ ಸಿಕ್ಕಿಕೊಳ್ಳದಂತೆ ಪಕ್ಕದ ತಗಡಿನ ಗುಂಟ ನಾನೇ ಕಟ್ಟಿದೆ. ನೀರು ಚಿಮ್ಮಿಸುವ ಗುಂಡಿಯನ್ನು ಒಮ್ಮೆ ಒತ್ತಿ ನೋಡುವ ಅಗತ್ಯ ಕಾಣಲಿಲ್ಲ.

ತಪಾಸಣೆಯಲ್ಲಿ ಹನಿಯೂ ಬರಲಿಲ್ಲ. ಅಧಿಕಾರಿ ಬಾನೆಟ್ ಎತ್ತಿದರು. ಹನಿ ನಿಲ್ಲಿಸಲು ಆಸ್ಪತ್ರೆಯಲ್ಲಿ ಬಳಸುವ ಕ್ಲಿಪ್ಪು ಪೈಪಿನ ಮೇಲೆ ಮುಚ್ಚಿಕೊಂಡೇ ಇತ್ತು.

“ಗಾಡಿಗೆ ಗ್ಲೂಕೋಸ್ ಏರಿಸಿದ್ದೀರಾ?” ಎಂದು ಹಿಂದಿಯಲ್ಲಿ ಕೇಳಿದರು.

ಕ್ಲಿಪ್ಪು ಸಡಿಲಿಸಿದೆ, ನೀರು ಚಿಮ್ಮಿತು, ಗಾಡಿ ಪಾಸಾಯಿತು.

ಬಸಣ್ಣ ಈಗ ಆ ಕ್ಲಿಪ್ಪನ್ನು ಪ್ರೆಶರ್ ಕಂಟ್ರೋಲ್ ಎನ್ನುತ್ತಾನೆ. ಗಿರಾಕಿಗಳು ಕೇಳಿ ಹಾಕಿಸಿಕೊಳ್ಳುತ್ತಾರೆ.