ಹವಳ ದಿಬ್ಬದ ಎರಡನೆಯ ಗೂಟ

ಸಮುದ್ರ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಮುಳುಗುಗಾರನಾಗಿದ್ದ ಅವನನ್ನು ಎಲ್ಲರೂ ಮುಳುಗಣ್ಣ ಎಂದೇ ಕರೆಯುತ್ತಿದ್ದರು. ಓದಿದ್ದು ಏಳನೆಯ ತರಗತಿ. ಹವಳ ಗುರುತಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಹವಳ ದಿಬ್ಬದ ಮೇಲೆ ನೆಟ್ಟ ಎರಡು ಕಬ್ಬಿಣದ ಗೂಟಗಳ ನಡುವೆ ಇಪ್ಪತ್ತು ಮೀಟರ್ ಟೇಪು ಎಳೆಯಬೇಕು. ಪ್ರತಿ ಅರ್ಧ ಮೀಟರಿಗೆ ಅದರ ಕೆಳಗೇನಿದೆ ಎಂದು ಹಲಗೆಯ ಮೇಲೆ ಬರೆಯಬೇಕು: ಜೀವಂತ ಹವಳವೋ, ಸತ್ತದ್ದೋ, ಪಾಚಿಯೋ, ಮರಳೋ. ಒಟ್ಟು ನಲವತ್ತು ಗುರುತು.

ಒಂಬತ್ತು ವರ್ಷದ ಹಿಂದೆ ಸಮುದ್ರದ ನೀರು ಆರು ವಾರ ಕಾದೇ ಇತ್ತು. ಹವಳಗಳು ತಮ್ಮೊಳಗೇ ಇದ್ದು ತಮಗೆ ಅನ್ನ ಹಾಕುತ್ತಿದ್ದ ಸೂಕ್ಷ್ಮ ಪಾಚಿಯನ್ನು ಹೊರದಬ್ಬಿ ಸುಣ್ಣದಂತೆ ಬೆಳ್ಳಗಾದವು. ನೀರು ತಣಿದಾಗ ಕೆಲವು ಚೇತರಿಸಿಕೊಂಡವು. ಊರಿನ ಕೊಳಚೆ ಕೊಳವೆಯ ಕಡೆಗಿದ್ದವು ಚೇತರಿಸಿಕೊಳ್ಳಲಿಲ್ಲ. ಅವುಗಳ ಮೇಲೆ ಬೇರೊಂದು ಪಾಚಿ ಕಂಬಳಿಯಂತೆ ಹರಡಿತು. ಅದೇ ವರ್ಷ ಬಿರುಗಾಳಿ ಆ ಕಡೆಯ ಗೂಟವನ್ನು ಕಿತ್ತೊಯ್ದಿತು. ಮುಳುಗಣ್ಣ ಹೊಸದನ್ನು ಬಡಿಯಲು ಹೋದರೆ ಸತ್ತ ಹವಳ ಪುಡಿಪುಡಿಯಾಗಿ ಗೂಟ ನಿಲ್ಲಲೊಲ್ಲದು. ಹಳೆಯ ಜಾಗದಿಂದ ಹದಿನೈದು ಮೀಟರ್ ಪಕ್ಕಕ್ಕೆ, ಮೊದಲ ಗೂಟಕ್ಕೆ ಅದೇ ಇಪ್ಪತ್ತು ಮೀಟರ್ ಬರುವಂತೆ, ಗಟ್ಟಿ ಜಾಗ ನೋಡಿ ಬಡಿದ. ನೆಲ ಗಟ್ಟಿಯಾಗಿ ಉಳಿದಿದ್ದದ್ದು ಹವಳ ಬದುಕಿದ್ದ ಕಡೆ ಮಾತ್ರ. 'ಹೊಸ ಗೂಟ ಹಾಕಿದೆ' ಎಂದಷ್ಟೇ ಬರೆದ.

ಅಂದಿನಿಂದ ವರ್ಷವರ್ಷವೂ ಜೀವಂತ ಗುರುತು ಇಪ್ಪತ್ತೈದು, ಇಪ್ಪತ್ತಾರು.

ಈಚೆಗೆ ಪುರಸಭೆಯಿಂದ ಪತ್ರ ಬಂತು. ವಿಜ್ಞಾನಿ ಮೇಡಂ ಓದಿ ಹೇಳಿದರು: "ಹವಳ ಚೆನ್ನಾಗೇ ಇದೆಯಂತೆ, ಅದಕ್ಕೆ ಕೊಳಚೆ ಶುದ್ಧ ಮಾಡೋ ಘಟಕ ಬೇಡವಂತೆ. ನಮ್ಮ ಅಂಕಿನೇ ತೋರಿಸ್ತಿದ್ದಾರೆ, ಮುಳುಗಣ್ಣ."

ಅವನಿಗೆ ತಾನು ಜಾಗ ಬದಲಿಸಿ ಬಡಿದ ಗೂಟ ನೆನಪಾಯಿತು.

ಮರುದಿನ ಒಬ್ಬನೇ ಇಳಿದ. ಹಳೆಯ ಟಿಪ್ಪಣಿಯಲ್ಲಿದ್ದ ದಿಕ್ಕಿಗೇ, ಮೊದಲ ಗೂಟದಿಂದ ಟೇಪು ಎಳೆದ. ನಲವತ್ತರಲ್ಲಿ ಜೀವಂತ ಗುರುತು ನಾಲ್ಕು. ನಾಲ್ಕೂ ಮೊದಲ ಗೂಟದ ಬುಡದಲ್ಲೇ. ಫೋಟೋ ತೆಗೆದು, ಮತ್ತೆ ಎಣಿಸಿದ. ನಾಲ್ಕೇ.

ಮನೆಯಲ್ಲಿ ಹೆಂಡತಿಗೆ ಹೇಳಿದ.

"ಇಲ್ಲಿ ಗೋಡೆಗೊಂದು ಮೊಳೆ ಹೊಡೀರಿ ಅಂದ್ರೆ ಮೂರು ತಿಂಗಳು ಜಾಗ ಹುಡುಕ್ತೀರಿ. ಅಲ್ಲೇನು ಅಂಥ ಅವಸರ?" ಎಂದಳು. ಆಮೇಲೆ ದನಿ ತಗ್ಗಿಸಿ, "ಹೇಳಿದ್ರೆ ಕೆಲಸದಿಂದ ತೆಗೀತಾರಾ?"

"ತೆಗೀಬಹುದು. ಹೇಳ್ದೇ ಇದ್ರೆ ಘಟಕ ಬರಲ್ಲ. ಇರೋ ಹವಳನೂ ಹೋಗುತ್ತೆ."

"ಹಾಗಾದ್ರೆ ಹೇಳಿಬಿಡಿ. ಈ ಮೋರೆ ನೋಡ್ಕೊಂಡು ನನಗೆ ಊಟ ಸೇರಲ್ಲ."

ಮರುದಿನ ಮೇಡಂಗೆ ಎಲ್ಲ ಹೇಳಿದ. "ಒಂದ್ಸಲನಾದ್ರೂ ನಾನೇ ಇಳಿದು ನೋಡಬೇಕಿತ್ತು," ಎಂದರು. "ಪುರಸಭೆಯ ಸಭೆಗೆ ನೀವೂ ಬನ್ನಿ."

ಸಭೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಪುರಸಭೆಯ ಇಂಜಿನಿಯರ್ ತಾಳ್ಮೆಯಿಂದ ಕೇಳಿಸಿಕೊಂಡರು.

"ಅಂದ್ರೆ ಒಂಬತ್ತು ವರ್ಷದ ಅಂಕಿ ತಪ್ಪು?"

"ಹೌದು ಸಾರ್. ತಪ್ಪು ನನ್ನದೇ."

"ಹಾಗಿದ್ರೆ ಮೊನ್ನೆಯ ನಾಲ್ಕನ್ನ ಯಾಕೆ ನಂಬಬೇಕು? ಅದನ್ನ ಎಣಿಸಿದ್ದೂ ನೀವೇ ತಾನೇ?"

ಮೇಡಂ ಎದ್ದು ಫೋಟೋಗಳನ್ನು ಮುಂದಿಟ್ಟರು. ಇಂಜಿನಿಯರ್ ಒಂದೊಂದನ್ನೂ ನೋಡಿ, ಒಪ್ಪವಾಗಿ ಜೋಡಿಸಿ ಹಿಂದಿರುಗಿಸಿದರು. "ಸರಿ ಮೇಡಂ. ಹೊಸದಾಗಿ ಐದು ವರ್ಷ ಅಳೆದು ತನ್ನಿ. ಘಟಕದ ಮಾತು ಆಮೇಲೆ."

"ಅಷ್ಟು ಹೊತ್ತಿಗೆ ಅಳೆಯೋಕೆ ಅಲ್ಲೇನೂ ಇರಲ್ಲ ಸಾರ್," ಎಂದ ಮುಳುಗಣ್ಣ.

ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳುವಂತೆ ಗುಮಾಸ್ತನಿಗೆ ಹೇಳಿ, ಇಂಜಿನಿಯರ್ ಬೀದಿದೀಪಗಳ ವಿಷಯ ಎತ್ತಿಕೊಂಡರು.